"ಹೊಯ್" ಎಂದವರು ಯಾರು: ಹದಿಹರೆಯದ ಸೂಪರ್‌ಹೀರೋ ಪುಸ್ತಕಗಳಲ್ಲಿ ಯಾವುದನ್ನು ಆರಿಸಬೇಕು?

ಪೋಷಕರ ಸಭೆ ಮುಗಿಯುವ ಹೊತ್ತಿಗೆ ಒಬ್ಬ ತಂದೆ ನನ್ನ ಮೇಜಿನ ಹತ್ತಿರ ಬಂದು ನಿಂತರು. ಕೈಯಲ್ಲಿ ನೋಟ್‌ಪುಸ್ತಕದಿಂದ ಹರಿದ ಹಾಳೆ. ಅದರಲ್ಲಿ ಒಂಬತ್ತನೇ ತರಗತಿಯ ಮಗಳು ದುಂಡಗೆ ಬರೆದುಕೊಟ್ಟ ಏಳು ಪುಸ್ತಕಗಳ ಹೆಸರು. ಏಳೂ ಇಂಗ್ಲಿಷ್ ಚಿತ್ರಕಥೆಗಳು. ಏಳರಲ್ಲೂ ಒಬ್ಬರು ಸೂಪರ್‌ಹೀರೋ ಆಗುವ ಮೊದಲ ಕಥೆ, ಎಂದರೆ ಮೂಲಕಥೆ. ಹೆಚ್ಚಿನವರು ಶಾಲೆಗೆ ಹೋಗುವ ವಯಸ್ಸಿನವರು. "ಮೇಡಂ, ಹುಟ್ಟುಹಬ್ಬಕ್ಕೆ ಒಂದನ್ನು ಕೊಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಯಾವುದು ಅಂತ ನೀವು ಹೇಳಿಬಿಡಿ" ಎಂದರು. ಹಾಸನದಲ್ಲಿ ಆಟೊ ಓಡಿಸುವವರು. ಒಂದು ಪುಸ್ತಕದ ಬೆಲೆ ಅವರಿಗೆ ಸಣ್ಣ ಮೊತ್ತವಲ್ಲ.

ಅವರ ಹಿಂದೆ ಇನ್ನೂ ಹತ್ತು ಮಂದಿ ಕಾಯುತ್ತಿದ್ದರು. ಮೊದಲ ಹೆಸರಿಗೆ ಗುರುತು ಹಾಕಿ ಕಳುಹಿಸಿದೆ. ಮನೆಗೆ ಬಂದ ಮೇಲೆ ಸಮಾಧಾನವಾಗಲಿಲ್ಲ. ಆ ಏಳನ್ನೂ ನಮ್ಮ ಶಾಲೆಯ ಕಪಾಟಿನಿಂದ ತೆಗೆದು ಮಕ್ಕಳ ಜೊತೆ ಕುಳಿತು ಓದಿದವಳು ನಾನು. ಯಾವುದು ಯಾವ ಮಗುವಿನ ಕೈಯಲ್ಲಿ ಅರಳಿತು, ಯಾವುದು ಎರಡನೇ ದಿನವೇ ಹಿಂದಕ್ಕೆ ಬಂತು ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಅಂದು ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥದೇ ಹಾಳೆ ಹಿಡಿದುಕೊಂಡ ಬೇರೆ ಪೋಷಕರಿಗೂ ಇದು ಉಪಯೋಗಕ್ಕೆ ಬರಬಹುದು.

ಈ ಪುಸ್ತಕಗಳನ್ನು ಮಕ್ಕಳು ಮುಖಪುಟ ನೋಡಿ ಕೇಳುತ್ತಾರೆ, ದೊಡ್ಡವರು ಬೆಲೆ ನೋಡಿ ಕೊಳ್ಳುತ್ತಾರೆ. ಎರಡೂ ಸಾಲದು. ಹಾಗಾದರೆ ಅಳತೆಗೋಲು ಯಾವುದು? ಅದು ನಮ್ಮ ಬೇಲೂರಿನಲ್ಲೇ ಇದೆ. ಚೆನ್ನಕೇಶವ ದೇವಾಲಯದ ಮೆಟ್ಟಿಲುಗಳ ಪಕ್ಕದಲ್ಲಿ ಮೃಗದೊಡನೆ ಹೋರಾಡುತ್ತಿರುವ ಸಳನನ್ನು ನೋಡದ ಮಗು ನಮ್ಮ ಜಿಲ್ಲೆಯಲ್ಲಿ ಇರಲಾರದು. ಸೊಸೆವೂರು, ಎಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ವಾಸಂತಿಕಾ ದೇವಿಯ ಗುಡಿಯ ಬಳಿ ಪಾಠ ನಡೆಯುತ್ತಿದ್ದಾಗ ಹುಲಿ ಬಂತು, ಗುರು ಸುದತ್ತಮುನಿ "ಹೊಯ್ ಸಳ" ಎಂದರು, ಹುಡುಗ ಹೊಡೆದ, ಒಂದು ರಾಜವಂಶಕ್ಕೆ ಹೆಸರು ಬಂತು. ಇದು ಐತಿಹ್ಯ. ಆದರೆ ಮೂಲಕಥೆಗೆ ಬೇಕಾದದ್ದೆಲ್ಲ ಇದರಲ್ಲಿದೆ: ಎಳೆಯ ವಯಸ್ಸು, ಎದುರಿಗೆ ಬಂದ ಆಪತ್ತು, ಪಕ್ಕದಲ್ಲಿ ನಿಂತು "ಹೊಯ್" ಎಂದ ಒಬ್ಬ ಹಿರಿಯರು. ತೋಳಿನ ಬಲವನ್ನು ಎಲ್ಲರೂ ನೋಡುತ್ತಾರೆ. ನನ್ನ ಗಮನ ಹೋಗುವುದು ಆ ಎರಡಕ್ಷರದ ಕಡೆಗೆ. ಪುಸ್ತಕ ಕೈಗೆ ಬಂದಾಗಲೆಲ್ಲ ನಾನು ಕೇಳಿಕೊಳ್ಳುವುದು ಇದನ್ನೇ: ಇಲ್ಲಿ "ಹೊಯ್" ಎನ್ನುವವರು ಯಾರು? ನನ್ನ ಮುಂದಿರುವ ಮಗುವಿನ ಬದುಕಿನಲ್ಲಿ ಹಾಗೆನ್ನುವವರು ಯಾರಾದರೂ ಇದ್ದಾರೆಯೇ?

ಬಾಲಮಂಗಳ ಮಕ್ಕಳ ಪತ್ರಿಕೆಯ ಸೂಪರ್ ಇಲಿ ಡಿಂಗನನ್ನು ಓದಿ ಬೆಳೆದ ನನ್ನ ವಯಸ್ಸಿನವರಿಗೆ ಈ ಪ್ರಶ್ನೆ ಹೊಸದೆನಿಸಬಹುದು. ಡಿಂಗನಿಗೆ ಶಕ್ತಿ ಬಂತು ಎಂದು ತಿಳಿದು ನಾವು ಮುಂದಿನ ಪುಟಕ್ಕೆ ಹೋಗುತ್ತಿದ್ದೆವು. ಅವನ ಮನೆಯವರು ಏನೆಂದರು ಎಂದು ಯಾರೂ ಕೇಳಲಿಲ್ಲ. ಅಮೆರಿಕದಲ್ಲಿಯೂ ಬಹಳ ಕಾಲ ಹದಿಹರೆಯದವರು ದೊಡ್ಡ ನಾಯಕನ ಬೆನ್ನ ಹಿಂದೆ ನಿಲ್ಲುವ ಸಹಾಯಕರಾಗಿಯೇ ಹೆಚ್ಚಾಗಿ ಇದ್ದರು. 'ಅಮೇಜಿಂಗ್ ಫ್ಯಾಂಟಸಿ' ಪತ್ರಿಕೆಯ 1962ರ ಆಗಸ್ಟ್ ಸಂಚಿಕೆಯಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸ್ಪೈಡರ್‌ಮ್ಯಾನ್‌ನನ್ನು ತಂದಾಗ ಚಿತ್ರ ಬದಲಾಯಿತು. ಶಾಲೆಗೆ ಹೋಗುವ ಹುಡುಗ, ಸಾಕಿದ ಚಿಕ್ಕಪ್ಪ ಚಿಕ್ಕಮ್ಮ, ಅವನ ಉದಾಸೀನದಿಂದ ತಪ್ಪಿಸಿಕೊಂಡ ಕಳ್ಳನ ಕೈಯಲ್ಲೇ ಚಿಕ್ಕಪ್ಪನ ಸಾವು. ಅಲ್ಲಿಂದ ಮುಂದೆ ಶಕ್ತಿಯ ಕಥೆ ಮನೆಯ ಕಥೆಯೂ ಆಯಿತು. ಈಗಿನ ಒಳ್ಳೆಯ ಪುಸ್ತಕಗಳೆಲ್ಲ ಆ ಹಾದಿಯವೇ.

ಕಮಲಾ ಮತ್ತು ಹ್ಯಾಂಕ್

'ಮಿಸ್ ಮಾರ್ವೆಲ್' ಸರಣಿಯ ಮೊದಲ ಸಂಪುಟ 'ನೋ ನಾರ್ಮಲ್'. ಬರೆದವರು ಜಿ. ವಿಲೋ ವಿಲ್ಸನ್, ಚಿತ್ರ ಏಡ್ರಿಯನ್ ಅಲ್ಫೋನಾ. 2014ರ ಈ ಪುಸ್ತಕ 2015ರಲ್ಲಿ ಚಿತ್ರಕಥೆಗೆ ಮೀಸಲಾದ ಹ್ಯೂಗೊ ಪ್ರಶಸ್ತಿ ಪಡೆಯಿತು. ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿ ಬೆಳೆದ, ಪಾಕಿಸ್ತಾನ ಮೂಲದ ಮನೆಯ ಹದಿನಾರರ ಹುಡುಗಿ ಕಮಲಾ ಖಾನ್. ಕಥೆ ತೆರೆದುಕೊಳ್ಳುವುದೇ ಅವಳು ಅಂಗಡಿಯಲ್ಲಿ ಹಂದಿಮಾಂಸದ ತಿಂಡಿಯ ವಾಸನೆ ತೆಗೆದುಕೊಳ್ಳುತ್ತಾ ನಿಂತಿರುವಾಗ. ತಿನ್ನುವುದಿಲ್ಲ, ವಾಸನೆ ಮಾತ್ರ. ಎಲ್ಲರಿಗೂ ಸಿಗುವ, ತನಗೆ ಮಾತ್ರ ಕೂಡದ ಒಂದು ಲೋಕದ ಹೊಸ್ತಿಲಲ್ಲಿ ಅವಳಿದ್ದಾಳೆಂದು ಒಂದೇ ಪುಟದಲ್ಲಿ ತಿಳಿಯುತ್ತದೆ. ನಮ್ಮ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಸ್ನೇಹಿತೆಯ ಮನೆಯ ಸಂಜೆಯ ಪಾರ್ಟಿಗೆ ಕಳುಹಿಸದ ಮನೆಗಳಿಂದ ಬಂದವರೇ ಹೆಚ್ಚಿನವರು.

ಕಮಲಾ ಮನೆಯವರ ಕಣ್ಣು ತಪ್ಪಿಸಿ ಹೋಗುತ್ತಾಳೆ, ಮಂಜು ಕವಿಯುತ್ತದೆ, ಶಕ್ತಿ ಬರುತ್ತದೆ. ಆ ಮಂಜಿನೊಳಗೆ ಅವಳಿಗೆ ಕಾಣಿಸಿಕೊಳ್ಳುವ ಅವಳ ಮೆಚ್ಚಿನ ನಾಯಕಿ ಕ್ಯಾಪ್ಟನ್ ಮಾರ್ವೆಲ್‌ಳ ಬಾಯಲ್ಲಿ ಸೂಫಿ ಕವಿ ಅಮೀರ್ ಖುಸ್ರೋನ ಪದ್ಯ! ಹೊಸ ರೂಪದಲ್ಲಿ ಕಣ್ತೆರೆದಾಗ ಅವಳಿಗೆ ಹೊಂಬಣ್ಣದ ಕೂದಲು, ಬಿಳಿಯ ಚರ್ಮ. ತಾನು ಆರಾಧಿಸುತ್ತಿದ್ದ ನಾಯಕಿಯದೇ ಮುಖ. ಬಯಸಿದ್ದು ಸಿಕ್ಕಿತು, ಆದರೆ ಅಂಗಿ ಕಚ್ಚುತ್ತದೆ, ಮುಖ ತನ್ನದಲ್ಲ. ನೀರಿಗೆ ಬಿದ್ದ, ತನ್ನನ್ನು ಸದಾ ಹಂಗಿಸುತ್ತಿದ್ದ ಹುಡುಗಿಯನ್ನು ಎತ್ತುವ ಮುನ್ನ ಅವಳಿಗೆ ನೆನಪಾಗುವುದು ಅಪ್ಪ ಹೇಳಿಕೊಟ್ಟ ಕುರಾನಿನ ಮಾತು: ಒಂದು ಜೀವ ಉಳಿಸಿದವರು ಇಡೀ ಮನುಕುಲವನ್ನೇ ಉಳಿಸಿದಂತೆ. ಮುಂದೆ ಅದೇ ಅಪ್ಪ, ಅವಳ ಹೆಸರಿಗೆ ಪರಿಪೂರ್ಣತೆ ಎಂಬ ಅರ್ಥವಿದೆ ಎಂದು ಬಿಡಿಸಿ ಹೇಳುತ್ತಾರೆ. ನಮ್ಮಲ್ಲಿ ಬೀದಿಗೊಬ್ಬ ಕಮಲಾ ಇದ್ದಾಳೆ, ಇಲ್ಲಿ ಆ ಹೆಸರು ಹೂವು. ಎಂಟನೇ ತರಗತಿಯ ಒಬ್ಬಳು ಆ ಚೌಕಟ್ಟಿನ ಮೇಲೆ ಬೆರಳಿಟ್ಟು, "ಮಿಸ್, ನಮ್ಮಜ್ಜಿ ಹೆಸರು" ಎಂದು ಬಹಳ ಹೊತ್ತು ನೋಡುತ್ತಾ ಕುಳಿತಿದ್ದಳು.

ಇಲ್ಲಿ "ಹೊಯ್" ಎನ್ನುವುದು ಅಪ್ಪ, ಅವರಿಗೇ ಗೊತ್ತಿಲ್ಲದೆ. ಎರಡನೇ ಸಂಪುಟದಲ್ಲಿ ಮಸೀದಿಯ ಶೇಖ್ ಕೂಡ ಬೈದು ಕಳುಹಿಸುವುದಿಲ್ಲ. ಮಾಡುವುದಿದ್ದರೆ ಧೈರ್ಯದಿಂದ, ಪ್ರಾಮಾಣಿಕವಾಗಿ ಮಾಡು ಎನ್ನುತ್ತಾರೆ. ಬಿಗಿಯಾದ ಮನೆಯನ್ನು ಕೆಟ್ಟ ಮನೆಯೆಂದು ತೋರಿಸದ ಪುಸ್ತಕ ಇದು. ಅದಕ್ಕಾಗಿಯೇ ಇದರ ಮೇಲೆ ನನಗೆ ಇಷ್ಟು ಪ್ರೀತಿ. ಕೊಳ್ಳುವ ಮುನ್ನ ಒಂದು ಮಾತು: ಮೊದಲ ಸಂಪುಟದಲ್ಲಿ ಕಥೆ ಮುಗಿಯುವುದಿಲ್ಲ. ಖಳನ ಸುಳಿವು ಸಿಗುವ ಹೊತ್ತಿಗೆ ಪುಸ್ತಕ ನಿಲ್ಲುತ್ತದೆ, ಮಗು ಎರಡನೆಯದನ್ನು ಕೇಳಿಯೇ ಕೇಳುತ್ತದೆ.

'ದ ಶ್ಯಾಡೋ ಹೀರೋ' ಕೂಡ 2014ರದೇ. ಬರೆದವರು ಜೀನ್ ಲುಯೆನ್ ಯಾಂಗ್, ಚಿತ್ರ ಸೋನಿ ಲ್ಯೂ. ಇದು ಒಂದೇ ಪುಸ್ತಕದಲ್ಲಿ ಮುಗಿಯುತ್ತದೆ. ಒಂದನ್ನೇ ಕೊಳ್ಳುವವರಿಗೆ ಇದು ದೊಡ್ಡ ಅನುಕೂಲ. ಅಮೆರಿಕದ ಚೈನಾಟೌನ್ ಒಂದರಲ್ಲಿ ದಿನಸಿ ಅಂಗಡಿಯವನ ಮಗ ಹ್ಯಾಂಕ್. ಅವನಿಗೆ ಅಪ್ಪನಂತೆ ಅಂಗಡಿ ನೋಡಿಕೊಂಡಿದ್ದರೆ ಸಾಕು. ಅಮ್ಮನಿಗೆ ಸಾಲದು. ಒಬ್ಬ ಸೂಪರ್‌ಹೀರೋ ತನ್ನನ್ನು ಕಾಪಾಡಿದ್ದನ್ನು ಕಂಡ ಮೇಲೆ ಮಗನೂ ಹಾಗಾಗಲೇಬೇಕೆಂದು ಹಟ ಹಿಡಿಯುತ್ತಾಳೆ. ಚೆಲ್ಲಿದ ರಾಸಾಯನಿಕಕ್ಕೆ ಅವನನ್ನು ದೂಡುತ್ತಾಳೆ, ವೇಷವನ್ನು ತಾನೇ ಹೊಲಿದುಕೊಡುತ್ತಾಳೆ. ಮಗ ಬೇಡವೆಂದರೂ "ಹೊಯ್, ಹೊಯ್" ಎನ್ನುತ್ತಲೇ ಇರುವ ತಾಯಿ. ಎಸ್ಎಸ್ಎಲ್‌ಸಿ ಮುಗಿಯುವ ಮೊದಲೇ ಮಗನನ್ನು ಯಾವ ಕೋಚಿಂಗ್‌ಗೆ ಸೇರಿಸುವುದೆಂದು ಲೆಕ್ಕ ಹಾಕುವ ಮನೆಗಳಲ್ಲಿ ಈ ಪುಸ್ತಕವನ್ನು ತಾಯಿ ಮಗ ಇಬ್ಬರೂ ಓದಬೇಕು.

ಅಪ್ಪನ ನೆರಳಿನಲ್ಲಿ ಒಂದು ಆಮೆಯ ಚೇತನ ವಾಸವಾಗಿರುತ್ತದೆ. ಅಪ್ಪ ಕೊಲೆಯಾದಾಗ ಅದು ಮಗನ ನೆರಳಿಗೆ ಬರುತ್ತದೆ, ಒಂದು ವರ ಕೊಡುತ್ತದೆ: ಯಾವ ಗುಂಡೂ ಅವನಿಗೆ ತಾಗದು. ಗುಂಡು ಮಾತ್ರ. ಚಾಕು ತಾಗುತ್ತದೆ, ಏಟು ತಾಗುತ್ತದೆ. ಹಿರಣ್ಯಕಶಿಪುವಿನ ವರದ ಕಥೆ ಕೇಳಿ ಬೆಳೆದ ಮಕ್ಕಳಿಗೆ ವರದಲ್ಲಿರುವ ಸಂದು ತಕ್ಷಣ ಹೊಳೆಯುತ್ತದೆ. ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ಅಂಗಡಿ ಇಟ್ಟವರ ಮಗನೊಬ್ಬ ಇದನ್ನು ಮೂರು ಬಾರಿ ಒಯ್ದ. ಅವನಿಗೆ ಹಿಡಿಸಿದ್ದು ಹೊಡೆದಾಟವಲ್ಲ. ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಸುಮ್ಮನೆ ನಿಂತಿರುವ ಚಿತ್ರ ತೋರಿಸಿ, "ಇವರು ಹೀರೋ ಅಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಮಿಸ್" ಎಂದ.

ಈ ಪುಸ್ತಕದ ಬೆನ್ನಿಗೆ ಒಂದು ನಿಜವಾದ ಇತಿಹಾಸವೂ ಇದೆ. 1944ರಲ್ಲಿ ಚು ಹಿಂಗ್ ಎಂಬ ಚೀನೀ ಮೂಲದ ಕಲಾವಿದ 'ಗ್ರೀನ್ ಟರ್ಟಲ್' (ಹಸಿರು ಆಮೆ) ಎಂಬ ನಾಯಕನನ್ನು ಚಿತ್ರಿಸಿದರು. ನಾಯಕ ಚೀನೀಯನಾಗಿರಬೇಕೆಂದು ಅವರು ಬಯಸಿದ್ದರು, ಪ್ರಕಾಶಕರು ಒಪ್ಪಲಿಲ್ಲ, ಆದ್ದರಿಂದಲೇ ಅವನ ಮುಖ ಓದುಗರಿಗೆ ಕಾಣದಂತೆ ಬರೆದರು ಎಂಬ ಮಾತಿದೆ. ಮುಖ ತೋರದ ಆ ನಾಯಕನಿಗೆ ಎಪ್ಪತ್ತು ವರ್ಷಗಳ ನಂತರ ಒಂದು ಮನೆ, ಒಬ್ಬ ತಾಯಿ, ಒಂದು ಮೂಲಕಥೆ ಸಿಕ್ಕಿತು. ಕೊನೆಯಲ್ಲಿ ಹಳೆಯ ಚಿತ್ರಕಥೆಯನ್ನೂ ಅಚ್ಚು ಹಾಕಿದ್ದಾರೆ, ಮಕ್ಕಳೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಜೂಜು, ಕೊಲೆ, ರೌಡಿಗಳ ಗುಂಪು ಬರುವುದರಿಂದ ಹದಿಮೂರು ದಾಟಿದವರಿಗೆ ಸರಿ.

ಇವೆರಡರ ನಡುವೆ ಆರಿಸಬೇಕಾದರೆ? ಮನೆಯಲ್ಲಿ ತಡೆಯುವವರು ಹೆಚ್ಚಿದ್ದರೆ ಕಮಲಾ, ದೂಡುವವರು ಹೆಚ್ಚಿದ್ದರೆ ಹ್ಯಾಂಕ್.

ಮೈಲ್ಸ್ ಮೊರಾಲೆಸ್

ಸಿನಿಮಾ ನೋಡಿದ ಮಕ್ಕಳೆಲ್ಲ ಕೇಳುವ ಹೆಸರು. ಬ್ರಯನ್ ಮೈಕಲ್ ಬೆಂಡಿಸ್ ಮತ್ತು ಸಾರಾ ಪಿಕೆಲ್ಲಿ 2011ರಲ್ಲಿ ಸೃಷ್ಟಿಸಿದ ಹುಡುಗ, ಹೊಸ ಸ್ಪೈಡರ್‌ಮ್ಯಾನ್. ಅಪ್ಪ ಕಪ್ಪು ಅಮೆರಿಕನ್, ಅಮ್ಮ ಪೋರ್ಟೊರಿಕೊ ಮೂಲದವರು. ಮೂಲಕಥೆ ಬೇಕಾದರೆ 'ಅಲ್ಟಿಮೇಟ್ ಕಾಮಿಕ್ಸ್ ಸ್ಪೈಡರ್‌ಮ್ಯಾನ್' ಹೆಸರಿನ, ಮೈಲ್ಸ್ ಇರುವ ಮೊದಲ ಸಂಪುಟವನ್ನೇ ಕೇಳಿ ಪಡೆಯಬೇಕು. ಅವನ ಹೆಸರಿನಲ್ಲಿ ಹಲವು ಪುಸ್ತಕಗಳಿವೆ, ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಡುತ್ತಾರೆ. 2021ರ 'ಶಾಕ್ ವೇವ್ಸ್' ಚೆನ್ನಾಗಿದೆ, ಆದರೆ ಅದು ಇನ್ನೂ ಚಿಕ್ಕವರಿಗೆ, ಮೂಲಕಥೆಯೂ ಅಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಲೆಯ ಲಾಟರಿಯ ದೃಶ್ಯ. ಒಳ್ಳೆಯ ಶಾಲೆಯೊಂದರಲ್ಲಿ ಸೀಟು ಕಡಿಮೆ, ಅರ್ಜಿ ಹೆಚ್ಚು, ಚೀಟಿ ಎತ್ತುತ್ತಾರೆ. ಮೈಲ್ಸ್‌ನ ಸಂಖ್ಯೆ ಬರುತ್ತದೆ. ತಾಯಿ ಅಪ್ಪಿಕೊಂಡು ಅಳುತ್ತಾಳೆ. ಮೈಲ್ಸ್ ಮಾತ್ರ ಸಂಖ್ಯೆ ಬಾರದ ಮಕ್ಕಳ ಮುಖ ನೋಡುತ್ತಾನೆ. ನವೋದಯದ ಪಟ್ಟಿಯೋ ಮೊರಾರ್ಜಿ ಶಾಲೆಯ ಪಟ್ಟಿಯೋ ಹೊರಬಿದ್ದ ದಿನ ನಮ್ಮ ತಾಲ್ಲೂಕುಗಳ ಮನೆಗಳಲ್ಲಿ ನಡೆಯುವುದು ಇದೇ. ಜೇಡ ಕಚ್ಚುವ ಮೊದಲೇ ಅವನ ಮೂಲಕಥೆ ಮುಗಿದುಹೋಗಿದೆ ಎಂದು ನನಗೆ ಅನ್ನಿಸುತ್ತದೆ. ಪಡೆದವನಿಗೆ ಪಡೆಯದವರ ಋಣವಿದೆ ಎಂದು ಅವನಿಗೆ ಅಲ್ಲಿಯೇ ಗೊತ್ತಾಗುತ್ತದೆ.

ಇಲ್ಲಿ "ಹೊಯ್" ಎನ್ನುವವರು ಯಾರೂ ಇಲ್ಲ. ಚಿಕ್ಕಪ್ಪ ಏರನ್ ಕಳ್ಳ. ಅವನ ಮನೆಗೆ ಕಾಲಿಡಬೇಡ ಎನ್ನುತ್ತಾನೆ ಅಪ್ಪ. ಹುಡುಗನಿಗೋ ಚಿಕ್ಕಪ್ಪನೆಂದರೆ ಜೀವ. ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಯ ಮಗುವಿಗೆ ಕೊಡುವ ಮುನ್ನ ನೀವು ಒಮ್ಮೆ ಓದಿಕೊಳ್ಳಿ. ಕೊಡಬೇಡಿ ಎನ್ನುತ್ತಿಲ್ಲ. ಓದಿದ ಮೇಲೆ ಮಗು ಏನನ್ನಾದರೂ ಕೇಳಿದರೆ ಉತ್ತರ ನಿಮ್ಮಲ್ಲಿರಬೇಕು.

ಹೊಡೆ ಎಂದರೂ ಹೊಡೆಯದವಳು

'ಶ್ಯಾಡೋ ಆಫ್ ದ ಬ್ಯಾಟ್‌ಗರ್ಲ್', 2020. ಬರೆದವರು ಸಾರಾ ಕುನ್, ಚಿತ್ರ ನಿಕೋಲ್ ಗೂ. ಕಸಾಂಡ್ರಾ ಕೇನ್‌ಳನ್ನು ಅಪ್ಪನೇ ಕೊಲೆಗಾತಿಯಾಗಿ ಬೆಳೆಸಿದ್ದಾನೆ. ಮಾತು ಕಲಿಸಿಲ್ಲ, ಏಟು ಮಾತ್ರ ಕಲಿಸಿದ್ದಾನೆ. ಸಾಯುವ ಒಬ್ಬ ಮನುಷ್ಯ ತನ್ನ ಮಗಳ ಬಗ್ಗೆ ಆಡಿದ ಕೊನೆಯ ಮಾತು ಕಿವಿಗೆ ಬಿದ್ದು ಅವಳ ಕೈ ನಿಲ್ಲುತ್ತದೆ. ಓಡಿಹೋಗಿ ಅಡಗುವುದು ಗ್ರಂಥಾಲಯದಲ್ಲಿ. ಸಳನ ಕಥೆಯನ್ನು ತಲೆಕೆಳಗು ಮಾಡಿದಂತೆ: ಹಿರಿಯ "ಹೊಯ್" ಎನ್ನುತ್ತಾನೆ, ಮಗು ಹೊಯ್ಯುವುದಿಲ್ಲ, ಅಲ್ಲಿಂದಲೇ ಅವಳು ನಾಯಕಿ.

ಗ್ರಂಥಾಲಯದಲ್ಲಿ ಗಾಲಿಕುರ್ಚಿಯ ಬಾರ್ಬರಾ ಎಂಬಾಕೆ ಹೇಳುವ ಕಥೆ ಕೇಳುತ್ತಾ, ನೂಡಲ್ಸ್ ಅಂಗಡಿಯ ಹಿರಿಯ ಹೆಂಗಸಿನ ಕೈಯಡುಗೆ ಉಣ್ಣುತ್ತಾ ಅವಳು ಅಕ್ಷರ ಕಲಿಯುತ್ತಾಳೆ. ಒಂದು ಸಣ್ಣ ಪ್ರೇಮಕಥೆಯೂ ಇದೆ, ಮುಜುಗರದ್ದಲ್ಲ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಮಾತಿಗೆ ತಡವರಿಸುವ ಮಕ್ಕಳಿಗೆ ನಾನು ಮೊದಲು ಕೊಡುವ ಪುಸ್ತಕ ಇದೇ. ಕಾರಣ ಎರಡು. ಚಿತ್ರಗಳೇ ಕಥೆಯ ಬಹುಭಾಗ ಹೊತ್ತಿವೆ. ಎರಡನೆಯದು ಇನ್ನೂ ಮುಖ್ಯ: ನಾಯಕಿಗೇ ಮಾತು ಬರುವುದಿಲ್ಲ. ಪದ ಸಿಗದೆ ಗಂಟಲಲ್ಲಿ ಕಟ್ಟಿಕೊಳ್ಳುವ ನೋವನ್ನು ಇಷ್ಟು ಗೌರವದಿಂದ ಬರೆದ ಚಿತ್ರಕಥೆ ನನ್ನ ಕಪಾಟಿನಲ್ಲಿ ಇನ್ನೊಂದಿಲ್ಲ.

ಉಳಿದ ಮೂರು

'ಸೂಪರ್‌ಮ್ಯಾನ್ ಸ್ಮ್ಯಾಶಸ್ ದ ಕ್ಲಾನ್' ಕೂಡ ಯಾಂಗ್ ಅವರದೇ, ಚಿತ್ರ ಗುರಿಹಿರು ಎಂಬ ಹೆಸರಿನ ಇಬ್ಬರು ಜಪಾನಿ ಕಲಾವಿದೆಯರದು. 1946ರ ರೇಡಿಯೊ ನಾಟಕವೊಂದನ್ನು ಆಧರಿಸಿದ ಇದಕ್ಕೆ 2021ರಲ್ಲಿ ಚಿತ್ರಕಥೆಗಳಿಗೆಂದೇ ಇರುವ ಐಸ್ನರ್ ಪ್ರಶಸ್ತಿಗಳು ಎರಡು ಬಂದವು. ಹೊಸ ಬಡಾವಣೆಗೆ ಬಂದ ಚೀನೀ ಕುಟುಂಬದ ಅಂಗಳದಲ್ಲಿ ಕ್ಲಾನ್ ಎಂಬ ಗುಂಪಿನ ಜನಾಂಗದ್ವೇಷಿಗಳು ಶಿಲುಬೆ ಸುಡುತ್ತಾರೆ. ಆ ಮನೆಯ ಹುಡುಗಿಗೆ ಮನೆಯಲ್ಲಿ ಲಾನ್‌ಶಿನ್, ಹೊರಗೆ ರೋಬರ್ಟಾ. ಸೂಪರ್‌ಮ್ಯಾನ್ ಇಲ್ಲಿ ಇನ್ನೂ ಹಾರುವುದಿಲ್ಲ. ತಾನು ಅನ್ಯನೆಂದು ಜನ ಕಂಡುಕೊಂಡರೆ ಎಂಬ ಅಳುಕಿನಿಂದ ತನ್ನ ಶಕ್ತಿಯನ್ನು ತಾನೇ ಅದುಮಿಟ್ಟುಕೊಂಡಿದ್ದಾನೆ. ಅದನ್ನು ಗುರುತಿಸಿ ಹೇಳುವವಳು ಈ ಹುಡುಗಿ. ಹಿರಿಯನಿಗೆ ಕಿರಿಯಳು "ಹೊಯ್" ಎನ್ನುವ ಪುಸ್ತಕ. ಹನ್ನೆರಡರ ಮಕ್ಕಳಿಂದ ಹಿಡಿದು ಅಪ್ಪ ಅಮ್ಮಂದಿರವರೆಗೆ ಎಲ್ಲರಿಗೂ ಕೊಡಬಹುದಾದದ್ದು ಈ ಏಳರಲ್ಲಿ ಇದೊಂದೇ. ಇಡೀ ತರಗತಿಗೆ ಒಂದೇ ಪ್ರತಿ ಕೊಳ್ಳುವ ಶಾಲೆಗಳಿಗೆ ನನ್ನ ಸಲಹೆ ಇದೇ.

'ಟೀನ್ ಟೈಟನ್ಸ್: ರೇವನ್' 2019ರದು, ಕಾಮಿ ಗಾರ್ಸಿಯಾ ಬರೆದು ಗೇಬ್ರಿಯೆಲ್ ಪಿಕೋಲೊ ಚಿತ್ರಿಸಿದ್ದು. ಸಾಕುತಾಯಿ ಅಪಘಾತದಲ್ಲಿ ತೀರಿಕೊಂಡು, ನೆನಪು ಅಳಿಸಿಹೋದ ಹುಡುಗಿ ನ್ಯೂ ಆರ್ಲಿಯನ್ಸ್‌ಗೆ ಬರುತ್ತಾಳೆ. ಚಿತ್ರಗಳು ಬಹಳ ಸುಂದರ. ಮಕ್ಕಳು ಕೇಳುವುದೂ ಅದಕ್ಕಾಗಿಯೇ. ಕಥೆ ನನಗೆ ತೆಳುವೆನಿಸಿತು. ಮುಂದಿನ ಪುಸ್ತಕಗಳನ್ನೂ ಕೊಂಡರೆ ಮಾತ್ರ ಇದು ತುಂಬಿಕೊಳ್ಳುತ್ತದೆ. ಚಿತ್ರ ಬರೆಯುವ ಹವ್ಯಾಸವಿರುವ ಮಗುವಿಗೆ ಕೊಡಿ.

'ಮೈ ಹೀರೋ ಅಕಾಡೆಮಿಯಾ' ಜಪಾನಿನ ಮಂಗಾ, ಎಂದರೆ ಅಲ್ಲಿನ ಚಿತ್ರಕಥೆ; ನಾವು ಓದುವುದು ಇಂಗ್ಲಿಷ್ ಅನುವಾದ. ಕೊಹೆಯ್ ಹೊರಿಕೊಶಿ ಅವರದು. 2014ರಿಂದ 2024ರವರೆಗೆ ಧಾರಾವಾಹಿಯಾಗಿ ಬಂದು 42 ಸಂಪುಟಗಳಲ್ಲಿ ಮುಗಿಯಿತು. ಬಲದಿಂದ ಎಡಕ್ಕೆ ಓದಬೇಕು. ಅದನ್ನು ಕಲಿಯಲು ಮಕ್ಕಳಿಗೆ ಹತ್ತು ನಿಮಿಷ ಸಾಕು, ನನಗೆ ಎರಡು ದಿನ ಬೇಕಾಯಿತು. ಬಹುತೇಕ ಎಲ್ಲರಿಗೂ ಏನಾದರೊಂದು ಶಕ್ತಿ ಇರುವ ಲೋಕದಲ್ಲಿ ಇಜುಕುವಿಗೆ ಏನೂ ಇಲ್ಲ. ನಾನೂ ಹೀರೋ ಆಗಬಹುದೇ ಎಂದು ಪುಟ್ಟ ಹುಡುಗ ಕೇಳಿದಾಗ ತಾಯಿ ಅವನನ್ನು ತಬ್ಬಿಕೊಂಡು ಕ್ಷಮಿಸು ಎಂದು ಅಳುತ್ತಾಳೆ. ವರ್ಷಗಳ ನಂತರ, ನಾಡಿನ ಅತಿ ದೊಡ್ಡ ಹೀರೋ ಅವನಿಗೆ ನೀನು ಆಗಬಲ್ಲೆ ಎನ್ನುತ್ತಾನೆ. ಅವನು ಕೊಡುವ ತರಬೇತಿಯೋ, ಕಸ ತುಂಬಿದ ಕಡಲ ತೀರವನ್ನು ಹತ್ತು ತಿಂಗಳು ಗುಡಿಸಿ ಚೊಕ್ಕಟ ಮಾಡುವುದು! ಮೊದಲ ಸಂಪುಟ ನಿಜಕ್ಕೂ ಅದ್ಭುತ. ಮುಂದೆ ಹೊಡೆದಾಟ ಬೆಳೆಯುತ್ತದೆ, ಹುಡುಗಿಯರನ್ನು ಚಿತ್ರಿಸಿರುವ ರೀತಿ ಕೆಲವು ಕಡೆ ನನಗೆ ಒಪ್ಪಿಗೆಯಿಲ್ಲ. ಒಂದೊಂದು ಸಂಪುಟದ ಬೆಲೆ ಅಮೆರಿಕದ ಪುಸ್ತಕಗಳಿಗಿಂತ ಸಾಮಾನ್ಯವಾಗಿ ಕಡಿಮೆ. ಆದರೆ 42ರ ಲೆಕ್ಕ ಹಾಕಿ. ನಾಲ್ಕೈದು ಮನೆಯವರು ಸೇರಿ ಹಂಚಿಕೊಂಡು ಕೊಂಡರೆ ಸರಿಹೋಗುತ್ತದೆ.

ಹಾಳೆಯಲ್ಲಿ ಇಲ್ಲದ, ಆದರೆ ಇದೇ ಸಾಲಿನಲ್ಲಿ ಅಂಗಡಿಯಲ್ಲಿ ಸಿಗುವ 'ಕ್ಯಾಟ್‌ವುಮನ್: ಅಂಡರ್ ದ ಮೂನ್' ಬಗ್ಗೆ ಎಚ್ಚರಿಕೆ ಅಗತ್ಯ. ತಾಯಿಯ ಜೊತೆಗಿರುವ ಗಂಡಸಿನ ಕ್ರೌರ್ಯ, ಒಂದು ಬೆಕ್ಕಿನಮರಿಯ ಸಾವು, ತನಗೆ ತಾನೇ ಗಾಯ ಮಾಡಿಕೊಳ್ಳುವ ಪ್ರಸಂಗ ಅದರಲ್ಲಿವೆ. ಮುಖಪುಟ ನೋಡಿದರೆ ಇದಾವುದೂ ತಿಳಿಯುವುದಿಲ್ಲ. ಹದಿನೈದರ ಕೆಳಗಿನವರಿಗೆ ನಾನು ಕೊಡುವುದಿಲ್ಲ, ಮೇಲಿನವರಿಗೂ ನಾನು ಜೊತೆಗಿದ್ದೇ ಕೊಡುತ್ತೇನೆ.

ಕಾಗದದ ಮಾತು. ನುಣುಪು ಕಾಗದದ ಬಣ್ಣದ ಪುಸ್ತಕಗಳು ನಮ್ಮ ಮಲೆನಾಡಿನ ಮಳೆಗೆ ಹೇಳಿದವಲ್ಲ. ಸಕಲೇಶಪುರದ ಕಡೆಯಿಂದ ಬರುವ ಹುಡುಗಿಯೊಬ್ಬಳು ಆಷಾಢದಲ್ಲಿ ಒಯ್ದ 'ಮಿಸ್ ಮಾರ್ವೆಲ್' ಚೀಲದಲ್ಲೇ ನೆನೆದು, ಹಾಳೆಗೆ ಹಾಳೆ ಅಂಟಿ, ಬಿಡಿಸುವಾಗ ಕಮಲಾಳ ಅರ್ಧ ಮುಖ ಎದುರು ಪುಟಕ್ಕೆ ಹೋಗಿತ್ತು. ಅವಳು ಅತ್ತಿದ್ದನ್ನು ಮರೆಯಲಾರೆ. ಅಂದಿನಿಂದ ಪುಸ್ತಕದ ಜೊತೆ ದಪ್ಪ ಪ್ಲಾಸ್ಟಿಕ್ ಚೀಲವನ್ನೂ ಕೊಡುತ್ತೇನೆ. ನೆನೆದರೆ ಪುಟಗಳ ನಡುವೆ ಬಿಳಿ ಹಾಳೆ ಇಟ್ಟು ಫ್ಯಾನಿನ ಗಾಳಿಗೆ ಒಣಗಿಸಬೇಕು, ಒಲೆಯ ಹತ್ತಿರ ಇಡಬಾರದು. ಮಂಗಾದ ಒರಟು ಕಾಗದ ಉಬ್ಬುತ್ತದೆ, ಆದರೆ ಹೀಗೆ ಅಂಟಿಕೊಳ್ಳುವುದಿಲ್ಲ.

ಇಂಗ್ಲಿಷ್ ಎಷ್ಟು ಬರಬೇಕು ಎಂದು ಎಲ್ಲರೂ ಕೇಳುತ್ತಾರೆ. ಕಮಲಾಳ ಪುಸ್ತಕದಲ್ಲಿ ಅಲ್ಲಿನ ಹುಡುಗರ ಆಡುಮಾತು ಹೆಚ್ಚು, ಎಂಟನೇ ತರಗತಿಯವರಿಗೆ ಮೊದಲ ಇಪ್ಪತ್ತು ಪುಟ ಕಷ್ಟ. ಹ್ಯಾಂಕ್ ಮತ್ತು ರೋಬರ್ಟಾರ ಪುಸ್ತಕಗಳ ಇಂಗ್ಲಿಷ್ ನೇರ, ಸ್ವಚ್ಛ. ಕಸಾಂಡ್ರಾಳದು ಎಲ್ಲಕ್ಕಿಂತ ಹಗುರ. ನಿಘಂಟು ಬೇಡ, ಗೊತ್ತಿಲ್ಲದ ಪದವನ್ನು ಚಿತ್ರ ನೋಡಿ ಊಹಿಸಲಿ. ನಮ್ಮ ಮಕ್ಕಳು ಹಾಗೆ ಊಹಿಸಿದ್ದು ಬಹುಪಾಲು ಸರಿಯಾಗಿರುತ್ತದೆ.

ಆ ತಂದೆಯ ಹಾಳೆಯಲ್ಲಿ ನಾನು ಗುರುತು ಹಾಕಿದ್ದು ಕಮಲಾಳಿಗೆ. ತಪ್ಪು ಪುಸ್ತಕವಲ್ಲ, ಆದರೆ ಕೇಳಬೇಕಾದದ್ದನ್ನು ಕೇಳದೆ ಹಾಕಿದ ಗುರುತು. ತರಗತಿಯಲ್ಲಿ ಆ ಹುಡುಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ, ಹೆಸರು ಕೂಗಿದರೆ ಮಾತ್ರ ಎದ್ದು ನಿಲ್ಲುತ್ತಾಳೆ. ಮುಂದಿನ ಸಭೆಯಲ್ಲಿ ಅವರು ಸಿಕ್ಕಾಗ ಮೊದಲು ಕೇಳುವುದು ಇದನ್ನೇ: ಮಗಳು ಮನೆಯಲ್ಲಿ ನಿಮ್ಮೊಡನೆ ಮಾತಾಡುತ್ತಾಳೆಯೇ? ಹೂಂ, ತಲೆ ತಿನ್ನುತ್ತಾಳೆ ಎಂದರೆ ಕಮಲಾಳ ಎರಡನೇ ಸಂಪುಟವನ್ನು ಶಾಲೆಯಿಂದಲೇ ಕೊಡುತ್ತೇನೆ. ಉತ್ತರಿಸಲು ಅವರು ತಡೆದರೆ, ಕಸಾಂಡ್ರಾಳ ಪುಸ್ತಕವನ್ನು ಅವರ ಕೈಗೇ ಕೊಟ್ಟು, ಇದನ್ನು ನೀವೇ ಅವಳಿಗೆ ಕೊಡಿ ಎನ್ನುತ್ತೇನೆ.